ಗ್ರಂಥಾಲಯದ ಪಂಚಾಂಗ: ಯಾವ ತಿಂಗಳು ಏನಿದೆ, ಸೇರುವುದು ಹೇಗೆ

ಮನೆ ತೆರಿಗೆಯ ರಶೀದಿಯನ್ನು ಒಮ್ಮೆ ತೆಗೆದು ನೋಡಿ. ಅಸಲು ತೆರಿಗೆಯ ಮೇಲೆ ಆರೋಗ್ಯ ಕರ, ಭಿಕ್ಷುಕರ ಕರಗಳ ಜೊತೆಗೆ ಗ್ರಂಥಾಲಯ ಕರವೂ ಸೇರಿರುತ್ತದೆ. ಅದು ಆಸ್ತಿ ತೆರಿಗೆಯ ಶೇ 6ರಷ್ಟು. ವರ್ಷಕ್ಕೆ 5,000 ರೂಪಾಯಿ ತೆರಿಗೆ ಕಟ್ಟುವ ಮನೆಯವರು ಗ್ರಂಥಾಲಯಕ್ಕೆಂದೇ 300 ರೂಪಾಯಿ ಕೊಡುತ್ತಾರೆ. ಬಾಡಿಗೆ ಮನೆಯಲ್ಲಿರುವವರು ಬಾಡಿಗೆಯ ಒಳಗೇ ಅದನ್ನು ಕೊಡುತ್ತಿರುತ್ತಾರೆ. ರಾಜ್ಯಕ್ಕೆ ಇನ್ನೂ ಮೈಸೂರು ಎಂಬ ಹೆಸರಿದ್ದಾಗ, 1965ರಲ್ಲಿ ಬಂದ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಕಾಲದಿಂದ ಗ್ರಂಥಾಲಯಕ್ಕೆಂದು ಕರ ವಸೂಲಿ ನಡೆದುಬಂದಿದೆ. ಹೀಗಾಗಿ ಊರಿನ ಗ್ರಂಥಾಲಯದಲ್ಲಿ ನಡೆಯುವ ಯಾವ ಕಾರ್ಯಕ್ರಮಕ್ಕೂ ನಾವು ಸಂಕೋಚಪಟ್ಟು ಹೋಗಬೇಕಾಗಿಲ್ಲ. ಅದರ ಖರ್ಚನ್ನು ನಾವೇ ಕೊಟ್ಟಿದ್ದೇವೆ.

ಆದರೂ ಗ್ರಂಥಾಲಯವೆಂದರೆ ಬೆಳಗಿನ ಪೇಪರ್ ಓದುವವರ, ಪರೀಕ್ಷೆಗೆ ಕೂರುವವರ ಜಾಗ ಎಂದೇ ಬಹಳ ಮಂದಿ ತಿಳಿದಿದ್ದಾರೆ. ಅಲ್ಲಿ ಮಕ್ಕಳಿಗೆ ಕಥೆ ಹೇಳುತ್ತಾರೆ, ಬೇಸಿಗೆಯಲ್ಲಿ ಶಿಬಿರ ನಡೆಯುತ್ತದೆ, ನವೆಂಬರಿನಲ್ಲಿ ಒಂದು ವಾರ ಪುಸ್ತಕ ಪ್ರದರ್ಶನ ಇರುತ್ತದೆ ಎಂಬುದು ಪಕ್ಕದ ಬೀದಿಯವರಿಗೂ ಗೊತ್ತಿರುವುದಿಲ್ಲ. ಇದಕ್ಕೆ ಓದುಗರನ್ನು ದೂರಿ ಪ್ರಯೋಜನವಿಲ್ಲ. ನಮ್ಮ ಹೆಚ್ಚಿನ ಗ್ರಂಥಾಲಯಗಳು ವರ್ಷದ ಕಾರ್ಯಕ್ರಮಗಳ ಪಟ್ಟಿಯನ್ನು ಮುಂಚಿತವಾಗಿ ಹೊರಡಿಸುವುದಿಲ್ಲ. ಹಾಗಾಗಿ ಆ ಪಟ್ಟಿಯನ್ನು ನಾವೇ ಮಾಡಿಕೊಳ್ಳಬೇಕು. ಅದು ಕಷ್ಟವೇನಲ್ಲ, ಕೆಲವು ದಿನಗಳು ಪ್ರತಿವರ್ಷ ತಪ್ಪದೆ ಬರುತ್ತವೆ, ಉಳಿದವನ್ನು ಕೇಳಿ ತಿಳಿಯಬಹುದು.

ನಿಮ್ಮ ಗ್ರಂಥಾಲಯ ಯಾವುದು?

ಮೊದಲು ಇದು ಗೊತ್ತಿರಬೇಕು, ಏಕೆಂದರೆ ಪಟ್ಟಣದ ಗ್ರಂಥಾಲಯಕ್ಕೂ ಹಳ್ಳಿಯ ಗ್ರಂಥಾಲಯಕ್ಕೂ ಯಜಮಾನರು ಬೇರೆ ಬೇರೆ. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ, 1915ರಿಂದ ನಿಂತಿರುವ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಕೆಂಪು ಕಟ್ಟಡದಲ್ಲಿರುವುದು ರಾಜ್ಯ ಕೇಂದ್ರ ಗ್ರಂಥಾಲಯ. ದೊಡ್ಡ ನಗರಗಳಲ್ಲಿ ನಗರ ಕೇಂದ್ರ ಗ್ರಂಥಾಲಯಗಳು, ಜಿಲ್ಲೆಗಳಲ್ಲಿ ಜಿಲ್ಲಾ ಕೇಂದ್ರ ಗ್ರಂಥಾಲಯಗಳು, ಇವುಗಳ ಕೆಳಗೆ ಬಡಾವಣೆಗಳ ಶಾಖಾ ಗ್ರಂಥಾಲಯಗಳಿವೆ. ಇವೆಲ್ಲ ಸಾರ್ವಜನಿಕ ಗ್ರಂಥಾಲಯ ಇಲಾಖೆಗೆ ಸೇರಿದವು. ಗ್ರಾಮ ಪಂಚಾಯಿತಿಗಳ 5,600ಕ್ಕೂ ಹೆಚ್ಚು ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಈಗ ಅವುಗಳ ಬೋರ್ಡಿನ ಮೇಲೆ ‘ಅರಿವು ಕೇಂದ್ರ’ ಎಂಬ ಹೆಸರಿರುತ್ತದೆ.

ಕಾರ್ಯಕ್ರಮಗಳ ಮಟ್ಟಿಗೆ ಹೇಳುವುದಾದರೆ ಈ ಬದಲಾವಣೆಯಿಂದ ಹಳ್ಳಿಗಳಿಗೆ ಲಾಭವಾಗಿದೆ ಎಂಬುದು ನನ್ನ ಅಭಿಪ್ರಾಯ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಪಂಚಾಯಿತಿ ಗ್ರಂಥಾಲಯದ ಸದಸ್ಯತ್ವ ಉಚಿತವಾಯಿತು. ಕೊರೊನಾದಿಂದ ಶಾಲೆಗಳು ಮುಚ್ಚಿದ್ದ ಆ ದಿನಗಳಲ್ಲಿ ಮಕ್ಕಳ ಕೈಗೆ ಪುಸ್ತಕ ಸಿಗಲು ಅದೊಂದು ದಾರಿಯಾಯಿತು. ಆಮೇಲೆ ಗಟ್ಟಿಯಾಗಿ ಓದುವುದು, ಕಥೆ ಹೇಳುವುದು, ಚೆಸ್, ಚಿತ್ರ ಬಿಡಿಸುವುದು ಎಲ್ಲ ಅದರ ಸುತ್ತ ಬೆಳೆದವು. ನಗರದ ಶಾಖಾ ಗ್ರಂಥಾಲಯಗಳಲ್ಲಿ ಪುಸ್ತಕಗಳು ಹೆಚ್ಚಿವೆ, ಆದರೆ ಮಕ್ಕಳು ನೆಲದ ಮೇಲೆ ಕೂತು ಗಲಾಟೆ ಮಾಡುತ್ತಾ ಓದುವ ಜಾಗ ಕಡಿಮೆ. ನಗರದವರು ಹಳ್ಳಿಯಿಂದ ಕಲಿಯಬೇಕಾದದ್ದು ಇಲ್ಲಿದೆ.

ಸುದ್ದಿ ತಿಳಿಯುವುದು ಹೇಗೆ?

ಗ್ರಂಥಾಲಯದ ಬಾಗಿಲ ಬಳಿಯ ಸೂಚನಾ ಫಲಕವೇ ಈಗಲೂ ಎಲ್ಲಕ್ಕಿಂತ ನಂಬಿಕೆಯದು. ದಿನಪತ್ರಿಕೆಗಳ ಸ್ಥಳೀಯ ಪುಟದಲ್ಲಿ ಬರುವ ‘ಇಂದಿನ ಕಾರ್ಯಕ್ರಮ’ದ ಅಂಕಣದಲ್ಲಿ ಕೆಲವು ಸಿಗುತ್ತವೆ, ಆದರೆ ಅಂದು ಬೆಳಿಗ್ಗೆ ಓದಿ ಅಂದೇ ಹೊರಡಲು ಎಲ್ಲರಿಗೂ ಆಗುವುದಿಲ್ಲ. ಪಂಚಾಯಿತಿಯ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಅರಿವು ಕೇಂದ್ರದ ಮೇಲ್ವಿಚಾರಕರು ಚಟುವಟಿಕೆಗಳ ಫೋಟೊ ಹಾಕುವುದು ಸಾಮಾನ್ಯ; ನಡೆದು ಮುಗಿದದ್ದರ ಫೋಟೊ ಜೊತೆಗೆ ಮುಂದೆ ನಡೆಯುವುದರ ದಿನಾಂಕವನ್ನೂ ಹಾಕಿ ಎಂದು ಅವರನ್ನು ಕೇಳಿಕೊಳ್ಳಿ. ಇದರಿಂದ ಬಹಳ ವ್ಯತ್ಯಾಸವಾಗುತ್ತದೆ.

ಎಲ್ಲಕ್ಕಿಂತ ಒಳ್ಳೆಯ ದಾರಿಯೆಂದರೆ ಸದಸ್ಯರಾಗುವುದು. ಸದಸ್ಯರಾಗದೆಯೂ ಕಾರ್ಯಕ್ರಮಗಳಿಗೆ ಹೋಗಬಹುದು, ಪತ್ರಿಕೆ ಓದಬಹುದು. ಆದರೆ ಎರಡು ವಾರಕ್ಕೊಮ್ಮೆ ಪುಸ್ತಕ ಬದಲಿಸಲು ಹೋಗುವವರಿಗೆ ಎಲ್ಲ ಸುದ್ದಿಯೂ ತಾನಾಗಿ ಸಿಗುತ್ತದೆ. ನಗರದ ಗ್ರಂಥಾಲಯಗಳಲ್ಲಿ ಸದಸ್ಯತ್ವಕ್ಕೆ ಅರ್ಜಿ, ಭಾವಚಿತ್ರ, ವಿಳಾಸದ ದಾಖಲೆ ಮತ್ತು ಒಂದು ಸಣ್ಣ ಠೇವಣಿ ಕೇಳುತ್ತಾರೆ. ಠೇವಣಿಯ ರಶೀದಿಯನ್ನು ಜೋಪಾನವಾಗಿಡಿ, ಸದಸ್ಯತ್ವ ಬಿಡುವಾಗ ಅದು ಬೇಕಾಗುತ್ತದೆ. ಮನೆಯಿಂದಲೇ ಓದುವವರಿಗೆ ಇಲಾಖೆ 2020ರಲ್ಲಿ ತೆರೆದ ಕರ್ನಾಟಕ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯವಿದೆ, ಮೊಬೈಲಿನಲ್ಲಿ ನೋಂದಾಯಿಸಿಕೊಂಡರೆ ಸಾಕು. ಅದು ಉಪಯುಕ್ತ, ಆದರೆ ಈ ಲೇಖನದ ವಿಷಯ ಜನ ಒಂದೆಡೆ ಸೇರುವ ಗ್ರಂಥಾಲಯ.

ವರ್ಷದ ದಿನಗಳು

ಶಾಲೆಯ ವರ್ಷದಂತೆ ಗ್ರಂಥಾಲಯದ ವರ್ಷವೂ ಜೂನ್‌ನಲ್ಲಿ ತೊಡಗುತ್ತದೆ ಎನ್ನಬಹುದು. ಕೇರಳದ ಗ್ರಂಥಾಲಯ ಚಳವಳಿಯನ್ನು ಕಟ್ಟಿದ ಪಿ.ಎನ್. ಪಣಿಕ್ಕರ್ ಅವರು ತೀರಿಕೊಂಡ ಜೂನ್ 19 ಓದುವ ದಿನ. ನಮ್ಮಲ್ಲಿ ಇದು ಇನ್ನೂ ಶಾಲೆಗಳ ಮಟ್ಟದಲ್ಲೇ ಹೆಚ್ಚು. ಆಗಸ್ಟ್ 12 ಗ್ರಂಥಪಾಲಕರ ದಿನ, ಎಸ್.ಆರ್. ರಂಗನಾಥನ್ ಹುಟ್ಟಿದ ದಿನ. ಪುಸ್ತಕ ಇರುವುದು ಕಾದಿಡುವುದಕ್ಕಲ್ಲ, ಜನರ ಕೈಯಲ್ಲಿ ಓಡಾಡುವುದಕ್ಕೆ ಎಂಬ ವಿಚಾರವನ್ನು ಶಾಸ್ತ್ರವಾಗಿ ಕಟ್ಟಿಕೊಟ್ಟ ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. 1962ರಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನೆ ಮತ್ತು ತರಬೇತಿಗೆ ಇಲ್ಲೊಂದು ಕೇಂದ್ರ ಸ್ಥಾಪಿಸಿದರು, 1972ರಲ್ಲಿ ಇಲ್ಲೇ ತೀರಿಕೊಂಡರು. ಆ ದಿನ ನಿಮ್ಮ ಶಾಖೆಯ ಸಿಬ್ಬಂದಿಗೆ ಒಂದು ಮಾತು ಹೇಳಿ ಬನ್ನಿ. ಬಹಳ ಕಡಿಮೆ ಸಂಬಳಕ್ಕೆ ಬಾಗಿಲು ತೆರೆದು, ಕಸ ಗುಡಿಸಿ, ಪುಸ್ತಕ ಜೋಡಿಸಿ, ಮಕ್ಕಳಿಗೂ ಸಮಾಧಾನ ಹೇಳುವ ಮೇಲ್ವಿಚಾರಕರು ಎಷ್ಟೋ ಜನ ಇದ್ದಾರೆ. ಅವರನ್ನು ಹೊರಗಿನವರು ಬಂದು ಮಾತಾಡಿಸುವುದು ಕಡಿಮೆ.

ಸೆಪ್ಟೆಂಬರ್ 8ನ್ನು ಮಕ್ಕಳಿರುವ ಮನೆಯವರು ಗುರುತು ಹಾಕಿಕೊಳ್ಳಬೇಕು. ಅದು ಅಂತರರಾಷ್ಟ್ರೀಯ ಸಾಕ್ಷರತಾ ದಿನ. ಅಂದು, ಅದರ ಆಸುಪಾಸಿನಲ್ಲಿ, ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆಯ ‘ಒನ್ ಡೇ ಒನ್ ಸ್ಟೋರಿ’ ಎಂಬ ಕಾರ್ಯಕ್ರಮ ನಡೆಯುತ್ತದೆ. ದೇಶದ ಬೇರೆ ಬೇರೆ ಊರುಗಳಲ್ಲಿ ಸ್ವಯಂಸೇವಕರು ಒಂದೇ ಕಥೆಯನ್ನು ತಮ್ಮ ತಮ್ಮ ಭಾಷೆಯಲ್ಲಿ ಮಕ್ಕಳಿಗೆ ಓದಿ ಹೇಳುತ್ತಾರೆ. ಶಾಲೆ, ಗ್ರಂಥಾಲಯ, ಅಂಗನವಾಡಿ, ಮರದ ಕೆಳಗೆ, ಎಲ್ಲಿಯಾದರೂ ಆಗುತ್ತದೆ. ಅವರದೇ ಸ್ಟೋರಿವೀವರ್ ಎಂಬ ಜಾಲತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳು ಉಚಿತವಾಗಿ ಸಿಗುತ್ತವೆ, ಇಳಿಸಿಕೊಂಡು ಮುದ್ರಿಸಲೂ ಅವಕಾಶವಿದೆ. ಅದೇ ದಿನ ಪೂರ್ಣಚಂದ್ರ ತೇಜಸ್ವಿಯವರು ಹುಟ್ಟಿದ ದಿನವೂ ಹೌದು. ಚಿಕ್ಕ ಮಕ್ಕಳಿಗೆ ಚಿತ್ರಪುಸ್ತಕ, ಹೈಸ್ಕೂಲಿನವರಿಗೆ ‘ಪರಿಸರದ ಕತೆ’ಯ ಒಂದು ಅಧ್ಯಾಯ: ಒಂದು ಸಂಜೆಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಕಿಲ್ಲ.

ಓದಿ ಹೇಳುವ ಕೆಲಸವನ್ನು ನೀವೇ ವಹಿಸಿಕೊಳ್ಳುವುದಾದರೆ ಕೆಲವು ಮಾತು. ಕಥೆಯನ್ನು ಮನೆಯಲ್ಲಿ ಒಮ್ಮೆ ಗಟ್ಟಿಯಾಗಿ ಓದಿಕೊಂಡು ಹೋಗಿ, ಎಲ್ಲಿ ಉಸಿರು ನಿಲ್ಲಿಸಬೇಕೆಂದು ಆಗಲೇ ಗೊತ್ತಾಗುವುದು. ಮಕ್ಕಳನ್ನು ಸಾಲಾಗಿ ಅಲ್ಲ, ಅರ್ಧ ಸುತ್ತಿನಲ್ಲಿ ಕೂರಿಸಿ, ಕೊನೆಯ ಮಗುವಿಗೂ ಚಿತ್ರ ಕಾಣಬೇಕು. ಆರು ವರ್ಷದೊಳಗಿನವರಾದರೆ ಹದಿನೈದು ನಿಮಿಷ ಸಾಕು. ನಿಮ್ಮ ಊರಿನ ಮಾತಿನಲ್ಲೇ ಹೇಳಿ. ಧಾರವಾಡದ ಮಗುವಿಗೆ ಮೈಸೂರಿನ ಪುಸ್ತಕದ ಕನ್ನಡ, ಕುಂದಾಪುರದ ಮಗುವಿಗೆ ಟಿ.ವಿ.ಯ ಕನ್ನಡ ದೂರದ್ದು ಅನ್ನಿಸಬಹುದು. ಮುಗಿದ ಕೂಡಲೇ ‘ಈ ಕಥೆಯ ನೀತಿ ಏನು?’ ಎಂದು ದಯವಿಟ್ಟು ಕೇಳಬೇಡಿ. ಕಥೆ ಕೇಳಿದ ಸಂತೋಷ ಆ ಪ್ರಶ್ನೆಯಿಂದ ಪಾಠವಾಗಿಬಿಡುತ್ತದೆ. ಅದರ ಬದಲು ಆ ಪುಸ್ತಕವನ್ನು, ಅಂಥವೇ ಇನ್ನು ನಾಲ್ಕನ್ನು ಮಕ್ಕಳ ಮಧ್ಯೆ ಇಟ್ಟು ಸುಮ್ಮನಿರಿ. ಯಾರಾದರೂ ಕೈ ಚಾಚಿಯೇ ಚಾಚುತ್ತಾರೆ.

ಅಕ್ಟೋಬರಿನಲ್ಲಿ ದಸರಾ ರಜೆ. ಶಾಲೆ ಇಲ್ಲದ ಈ ದಿನಗಳಲ್ಲಿ ಅರಿವು ಕೇಂದ್ರಗಳಿಗೆ ಮಕ್ಕಳು ಹೆಚ್ಚು ಬರುತ್ತಾರೆ. ಮೈಸೂರಿನ ಸುತ್ತಲಿನವರಿಗೆ ದಸರಾ ಕವಿಗೋಷ್ಠಿ, ಪುಸ್ತಕ ಮೇಳಗಳೂ ಇರುತ್ತವೆ.

ನವೆಂಬರ್ ಬಂತೆಂದರೆ ಗ್ರಂಥಾಲಯಗಳಿಗೆ ಸುಗ್ಗಿ. ಒಂದನೇ ತಾರೀಖು ರಾಜ್ಯೋತ್ಸವ, ಆ ತಿಂಗಳಿಡೀ ಕನ್ನಡ ಪುಸ್ತಕ ಪ್ರಾಧಿಕಾರದ ರಿಯಾಯಿತಿ ಮಾರಾಟ, 14ರಿಂದ 20ರವರೆಗೆ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ. ಸಪ್ತಾಹದ ಮೊದಲ ದಿನವೇ ಮಕ್ಕಳ ದಿನಾಚರಣೆ. ಪುಸ್ತಕ ಪ್ರದರ್ಶನ, ಪ್ರಬಂಧ ಮತ್ತು ಚಿತ್ರಕಲೆಯ ಸ್ಪರ್ಧೆ, ರಸಪ್ರಶ್ನೆ, ಲೇಖಕರೊಂದಿಗೆ ಮಾತುಕತೆ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಮಾರ್ಗದರ್ಶನ, ಹೀಗೆ ಕಾರ್ಯಕ್ರಮಗಳಿರುತ್ತವೆ. ಸ್ಪರ್ಧೆಗಳಿಗೆ ಹೆಸರು ಕೊಡಬೇಕೆಂದಿದ್ದರೆ ಅಕ್ಟೋಬರ್ ಕೊನೆಯಲ್ಲೇ ಹೋಗಿ ವಿಚಾರಿಸಿ. ಸಪ್ತಾಹ ತೊಡಗಿದ ಮೇಲೆ ಹೋದವರಿಗೆ ಸಾಮಾನ್ಯವಾಗಿ ಪ್ರೇಕ್ಷಕರ ಕುರ್ಚಿಯೇ ಗತಿ.

ಸಪ್ತಾಹದ ಬಗ್ಗೆ ನನ್ನದೊಂದು ಸಲಹೆ: ಮೊದಲ ದಿನಕ್ಕಿಂತ ಎರಡನೆಯ ಅಥವಾ ಮೂರನೆಯ ದಿನ ಹೋಗಿ. ಮೊದಲ ದಿನ ಉದ್ಘಾಟನೆ, ಸ್ವಾಗತ, ಸನ್ಮಾನಗಳಲ್ಲಿ ಹೊತ್ತು ಕಳೆಯುತ್ತದೆ; ಪುಸ್ತಕದ ಮೇಜಿನ ಬಳಿ ನಿಲ್ಲಲು ಪುರಸೊತ್ತಿರುವುದಿಲ್ಲ. ಮರುದಿನ ಜನ ಕಡಿಮೆ, ಸಿಬ್ಬಂದಿಗೂ ಸ್ವಲ್ಪ ಬಿಡುವು. ಪ್ರದರ್ಶನಕ್ಕೆಂದು ಬೀಗ ಹಾಕಿದ ಕಪಾಟುಗಳಿಂದ ಹಳೆಯ, ಅಪರೂಪದ ಪುಸ್ತಕಗಳನ್ನು ಹೊರತೆಗೆದಿರುತ್ತಾರೆ. ಊರಿನ ಇತಿಹಾಸ, ಹಳೆಯ ಪತ್ರಿಕೆಗಳ ಸಂಪುಟ, ಜಿಲ್ಲಾ ಗ್ಯಾಸೆಟಿಯರ್, ಮರುಮುದ್ರಣ ಕಾಣದ ಕಾದಂಬರಿಗಳು. ಹೆಸರು ಬರೆದುಕೊಂಡು ಬಂದರೆ ವರ್ಷದ ಉಳಿದ ದಿನಗಳಲ್ಲಿ ಕೇಳಿ ತರಿಸಿಕೊಂಡು ಓದಬಹುದು. ಹೀಗೆ ಕೇಳುವವರಿದ್ದಾರೆಂದು ತಿಳಿದರೆ ಆ ಕಪಾಟಿನ ಬೀಗವೂ ಆಗಾಗ ತೆರೆಯುತ್ತದೆ.

ಸಪ್ತಾಹಕ್ಕೆ ಪುಸ್ತಕ ದಾನ ಮಾಡಬೇಕೆನ್ನುವವರು ಬಹಳ. ಒಳ್ಳೆಯ ಮನಸ್ಸೇ. ಆದರೆ ಹಳೆಯ ಸಿಲೆಬಸ್ಸಿನ ಪಠ್ಯಪುಸ್ತಕ, ಹಾಳೆ ಹರಿದ ಗೈಡುಗಳನ್ನು ಮೂಟೆ ಕಟ್ಟಿ ತಂದರೆ ಅವು ಜಾಗ ತಿನ್ನುತ್ತವೆ ಅಷ್ಟೆ. ಮೊದಲು ಏನು ಬೇಕೆಂದು ಕೇಳಿ. ಹಳ್ಳಿಯ ಗ್ರಂಥಾಲಯಕ್ಕೆ ಬಣ್ಣದ ಚಿತ್ರಗಳಿರುವ ಹತ್ತು ಮಕ್ಕಳ ಪುಸ್ತಕ, ಒಂದು ಒಳ್ಳೆಯ ನಿಘಂಟು, ಒಂದು ಭೂಪಟ ಕೊಟ್ಟರೆ ಅದು ದೊಡ್ಡ ದಾನ.

ಡಿಸೆಂಬರಿನಿಂದ ಮಾರ್ಚ್‌ವರೆಗೆ ಪರೀಕ್ಷೆಗಳ ಕಾಲ, ಕಾರ್ಯಕ್ರಮಗಳು ವಿರಳ. ಆದರೆ ಹಿರಿಯರಿಗೆ ಇದು ಒಳ್ಳೆಯ ಸಮಯ. ಡಿಸೆಂಬರ್ 29 ಕುವೆಂಪು ಜನ್ಮದಿನ, ಜನವರಿ 31 ಬೇಂದ್ರೆ ಜನ್ಮದಿನ, ಫೆಬ್ರುವರಿ 22 ಮಕ್ಕಳ ಪದ್ಯಗಳ ಪಂಜೆ ಮಂಗೇಶರಾಯರದು, ಮಾರ್ಚ್ 17 ಡಿವಿಜಿ ಅವರದು. ಇಂಥ ದಿನ ಗಮಕ ವಾಚನ ಇಡಿಸಬಹುದು. ಒಬ್ಬರು ಕುಮಾರವ್ಯಾಸನ ಅಥವಾ ಲಕ್ಷ್ಮೀಶನ ಪದ್ಯಗಳನ್ನು ರಾಗದಲ್ಲಿ ವಾಚಿಸುತ್ತಾರೆ, ಇನ್ನೊಬ್ಬರು ಅರ್ಥ ಬಿಡಿಸುತ್ತಾರೆ. ಶಿವಮೊಗ್ಗದ ಬಳಿಯ ಹೊಸಹಳ್ಳಿಯಂಥ ಊರುಗಳು ಈ ಕಲೆಯನ್ನು ಉಳಿಸಿಕೊಂಡು ಬಂದಿವೆ, ಅಲ್ಲಿಯ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದು ಗಮಕಕ್ಕಾಗಿಯೇ. ಅಕ್ಷರ ಬಾರದ ಹಿರಿಯರು, ಕಣ್ಣು ಮಂಜಾದವರು ಗ್ರಂಥಾಲಯದಲ್ಲಿ ಎಲ್ಲರ ಸಮನಾಗಿ ಕೂತು ಕಾವ್ಯ ಸವಿಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣದು.

ಏಪ್ರಿಲ್ 23 ವಿಶ್ವ ಪುಸ್ತಕ ದಿನ. ಅಷ್ಟರಲ್ಲಿ ಬೇಸಿಗೆ ರಜೆ ಬಂದಿರುತ್ತದೆ. ನಗರದ ಖಾಸಗಿ ಬೇಸಿಗೆ ಶಿಬಿರಗಳ ಶುಲ್ಕ ಎಲ್ಲರ ಕೈಗೆಟುಕುವುದಿಲ್ಲ. ಪಂಚಾಯಿತಿಯ ಅರಿವು ಕೇಂದ್ರಗಳಲ್ಲಿ ಈಚಿನ ವರ್ಷಗಳಲ್ಲಿ ಗ್ರಾಮೀಣ ಮಕ್ಕಳಿಗೆ ಉಚಿತ ಶಿಬಿರ ನಡೆಸುತ್ತಿದ್ದಾರೆ. ಕಾಗದದ ಕೆಲಸ, ಸರಳ ವಿಜ್ಞಾನ ಪ್ರಯೋಗ, ಹಾಡು, ಕಥೆ, ಚೆಸ್ ಇರುತ್ತವೆ. ರಜೆಗೆಂದು ಅಜ್ಜಿ ಮನೆಗೆ ಬರುವ ಪಟ್ಟಣದ ಮಕ್ಕಳನ್ನೂ ಕಳಿಸಲು ಆಗುತ್ತದೆಯೇ ಎಂದು ಮೇಲ್ವಿಚಾರಕರನ್ನು ವಿಚಾರಿಸಿ. ಏಪ್ರಿಲ್ ಮೊದಲ ವಾರವೇ ಕೇಳಿದರೆ ಒಳ್ಳೆಯದು. ಶಿಬಿರದಲ್ಲಿ ನೀವೂ ಒಂದು ದಿನ ಕೊಡಬಹುದು. ಬುಟ್ಟಿ ಹೆಣೆಯುವವರು, ಸೋಬಾನೆ ಪದ ಹಾಡುವ ಅಜ್ಜಿ, ಸೈಕಲ್ ರಿಪೇರಿ ಮಾಡುವವರು, ಅಂಚೆ ಕಚೇರಿಯಲ್ಲಿ ದುಡಿದು ನಿವೃತ್ತರಾದವರು, ಇವರೆಲ್ಲರಿಗೂ ಮಕ್ಕಳಿಗೆ ತೋರಿಸಲು ಏನಾದರೂ ಇದ್ದೇ ಇರುತ್ತದೆ.

ಏನೂ ನಡೆಯದ ಗ್ರಂಥಾಲಯವಾದರೆ?

ಹಾಗಿದ್ದರೆ ಕೇಳಬೇಕು, ಕೇಳಿದ್ದು ದಾಖಲೆಯಲ್ಲಿ ಉಳಿಯುವಂತೆ ಕೇಳಬೇಕು. ಹಳ್ಳಿಯಲ್ಲಿ ಅದಕ್ಕೆ ಗ್ರಾಮಸಭೆಯಿದೆ. ‘ಅರಿವು ಕೇಂದ್ರದಲ್ಲಿ ತಿಂಗಳಿಗೊಂದು ಕಾರ್ಯಕ್ರಮ ಆಗಬೇಕು’ ಎಂದು ಸಭೆಯಲ್ಲಿ ಹೇಳಿ, ಅದು ನಡಾವಳಿಯಲ್ಲಿ ಸೇರಿತೇ ಎಂದು ಪಿಡಿಒ ಅವರನ್ನು ಕೇಳಿ. ಮಕ್ಕಳಿಗೇ ಪ್ರತ್ಯೇಕವಾಗಿ ನಡೆಯುವ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳ ಬಾಯಲ್ಲೇ ಈ ಬೇಡಿಕೆ ಬಂದರೆ ಅದಕ್ಕೆ ಇನ್ನೂ ತೂಕ. ನಗರದಲ್ಲಾದರೆ ಶಾಖೆಯ ಗ್ರಂಥಪಾಲಕರ ಮೂಲಕ ನಗರ ಕೇಂದ್ರ ಗ್ರಂಥಾಲಯದ ಉಪನಿರ್ದೇಶಕರಿಗೆ, ಜಿಲ್ಲೆಯಲ್ಲಾದರೆ ಮುಖ್ಯ ಗ್ರಂಥಾಲಯಾಧಿಕಾರಿಗೆ ಪತ್ರ ಬರೆಯಿರಿ. ಏನು ಮಾಡಬೇಕೆಂದಿದ್ದೀರಿ, ಯಾವ ದಿನ, ಎಷ್ಟು ಹೊತ್ತು, ಸುಮಾರು ಎಷ್ಟು ಜನ, ಕುರ್ಚಿ-ಚಾಪೆ ಜೋಡಿಸಿ ಮತ್ತೆ ಎತ್ತಿಡುವವರು ಯಾರು, ಇಷ್ಟನ್ನು ಒಂದೇ ಪುಟದಲ್ಲಿ ಬರೆದರೆ ಸಾಕು. ರಾಜಕೀಯ, ಮಾರಾಟ, ಪ್ರಚಾರ ಇರುವುದಿಲ್ಲವೆಂದೂ ಸೇರಿಸಿ. ಹದಿನೈದು ದಿನ ಮುಂಚೆ ಕೊಡಿ, ಸ್ವೀಕೃತಿಯ ಸಹಿ ಹಾಕಿಸಿಕೊಂಡ ಪ್ರತಿ ಇಟ್ಟುಕೊಳ್ಳಿ.

ಮೊದಲ ಕಾರ್ಯಕ್ರಮ ಚಿಕ್ಕದಿರಲಿ. ಓದುಗರ ಕೂಟವೇ ಸುಲಭ. ಅದಕ್ಕೊಂದು ತೊಡಕಿದೆ: ಶಾಖೆಯಲ್ಲಿ ಒಂದು ಪುಸ್ತಕದ ಪ್ರತಿ ಒಂದೋ ಎರಡೋ ಇರುತ್ತದೆ, ಎಲ್ಲರೂ ಓದಿ ಬನ್ನಿ ಎಂದರೆ ಆಗದು. ಆದ್ದರಿಂದ ಕಾದಂಬರಿ ಬೇಡ, ಸಣ್ಣಕಥೆ ಆರಿಸಿ. ಮಾಸ್ತಿ, ತ್ರಿವೇಣಿ, ದೇವನೂರ, ವೈದೇಹಿ, ಬಾನು ಮುಷ್ತಾಕ್, ಯಾರದಾದರೂ ಒಂದು. ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಮೇಲೆ ಅವರ ಕಥೆಗಳನ್ನು ಓದಬೇಕೆಂದಿರುವವರು ಎಲ್ಲ ಊರಲ್ಲೂ ಇದ್ದಾರೆ. ಅಲ್ಲೇ ಒಬ್ಬರು ಗಟ್ಟಿಯಾಗಿ ಓದಲಿ, ಉಳಿದವರು ಕೇಳಲಿ, ಆಮೇಲೆ ಮಾತು. ಅಧ್ಯಕ್ಷರು, ಮುಖ್ಯ ಅತಿಥಿ, ಹಾರ-ಶಾಲು ಬೇಡವೇ ಬೇಡ. ಎಂಟು ಜನ ಬಂದರೂ ಒಳ್ಳೆಯ ಕೂಟವೇ. ಮುಗಿಯುವ ಮುನ್ನ ಮುಂದಿನ ಕೂಟದ ದಿನ ಹೇಳಿಬಿಡಿ. ಪ್ರತಿ ತಿಂಗಳ ಎರಡನೇ ಭಾನುವಾರ ಎಂಬಂತೆ ನೆನಪಿಡಲು ಸುಲಭವಾದ ದಿನವಾಗಿರಲಿ.

ದಿನದ ಮಾತು ಬಂದದ್ದರಿಂದ ಒಂದು ವಿಷಯ ಒತ್ತಿ ಹೇಳಬೇಕು. ವಾರದ ನಡುವೆ ಬೆಳಿಗ್ಗೆ ಹನ್ನೊಂದಕ್ಕೆ ಇಡುವ ಕಾರ್ಯಕ್ರಮಕ್ಕೆ ದುಡಿಯುವವರು ಬರಲಾರರು, ಶಾಲೆಯ ಮಕ್ಕಳು ಬರಲಾರರು, ಅಡುಗೆಮನೆ ನೋಡಿಕೊಳ್ಳುವ ಹೆಂಗಸರೂ ಬರಲಾರರು. ಆಮೇಲೆ ‘ಜನರಿಗೆ ಓದಿನಲ್ಲಿ ಆಸಕ್ತಿಯಿಲ್ಲ’ ಎಂದು ಷರಾ ಬರೆಯುವುದು ನ್ಯಾಯವಲ್ಲ. ನಮ್ಮ ಸಾರ್ವಜನಿಕ ಗ್ರಂಥಾಲಯಗಳು ಭಾನುವಾರ ತೆರೆದು ಸೋಮವಾರ ಮುಚ್ಚುವ ಪದ್ಧತಿಯವು. ಕಾರ್ಯಕ್ರಮಗಳನ್ನೂ ಭಾನುವಾರ ಬೆಳಿಗ್ಗೆ ಅಥವಾ ಶನಿವಾರ ಸಂಜೆ ಇಡಿ ಎಂದು ಪತ್ರದಲ್ಲಿ ಸ್ಪಷ್ಟವಾಗಿ ಕೇಳಿ. ಹೆಣ್ಣುಮಕ್ಕಳು ಕತ್ತಲಾಗುವ ಮೊದಲು ಮನೆ ಸೇರುವಂತಿರಲಿ, ಶೌಚಾಲಯದ ಬಾಗಿಲಿಗೆ ಬೀಗ ಇರದಿರಲಿ, ಹಿರಿಯರಿಗೆ ಮೆಟ್ಟಿಲು ಹತ್ತುವ ಕಷ್ಟ ಇಲ್ಲದ ಕೋಣೆ ಆಗಲಿ. ಇವು ಸಣ್ಣ ಮಾತುಗಳಲ್ಲ, ಅರ್ಧ ಊರು ಬರುವುದೂ ಬಾರದಿರುವುದೂ ಇದರ ಮೇಲೇ ನಿಂತಿದೆ.

ಇನ್ನೊಂದು: ಕಾರ್ಯಕ್ರಮ ನಡೆಯುವ ಹೊತ್ತಿಗೆ ಪುಸ್ತಕ ಕೊಡುವ ಮೇಜು ತೆರೆದಿರಬೇಕು. ಭಾಷಣ ಕೇಳಿ ಉತ್ಸಾಹ ಬಂದವರಿಗೆ ‘ಇವತ್ತು ಪುಸ್ತಕ ಕೊಡುವುದಿಲ್ಲ, ನಾಳೆ ಬನ್ನಿ’ ಎಂದರೆ ಅವರು ನಾಳೆ ಬರುವುದಿಲ್ಲ. ಒಂದು ಕಾರ್ಯಕ್ರಮ ಗೆದ್ದಿತೋ ಇಲ್ಲವೋ ಎಂಬುದಕ್ಕೆ ನನ್ನ ಅಳತೆ ಅಂದು ಎಷ್ಟು ಪುಸ್ತಕ ಮನೆಗೆ ಹೋದವು, ಎಷ್ಟು ಹೊಸ ಸದಸ್ಯರಾದರು ಎಂಬುದೇ. ಕಾರ್ಯಕ್ರಮ ಏರ್ಪಡಿಸುವವರು ಸದಸ್ಯತ್ವದ ಅರ್ಜಿಗಳನ್ನು ಬಾಗಿಲಲ್ಲೇ ಇಟ್ಟು, ತುಂಬಿಸಲು ಒಬ್ಬರನ್ನು ಕೂರಿಸಲಿ.

ಈ ವಾರ ನಿಮ್ಮ ಹತ್ತಿರದ ಗ್ರಂಥಾಲಯಕ್ಕೆ ಹೋಗಿ ಬನ್ನಿ, ಮನೆಯ ಮಕ್ಕಳನ್ನೂ ಕರೆದುಕೊಂಡು ಹೋಗಿ. ಸೂಚನಾ ಫಲಕ ನೋಡಿ, ಮುಂದಿನ ಕಾರ್ಯಕ್ರಮ ಯಾವುದೆಂದು ಕೇಳಿ, ಯಾವುದೂ ಇಲ್ಲವೆಂದರೆ ಒಂದನ್ನು ಕೇಳಿ ಬನ್ನಿ. ಸೋಮವಾರ ಮತ್ತು ತಿಂಗಳ ಎರಡನೇ ಮಂಗಳವಾರ ಸಾಮಾನ್ಯವಾಗಿ ರಜೆ ಇರುತ್ತದೆ. ಉಳಿದ ದಿನ ಬಾಗಿಲು ತೆರೆದಿರುತ್ತದೆ.